ಸ್ಟಾರ್ ವಾರ್ಸ್ ಕುರಿತು ವಾದಿಸುವ ಬಗೆ: ತೆರೆಯ ಮೇಲಿರುವುದು, ಕರ್ತೃವಿನ ಆಶಯ ಮತ್ತು ಕ್ಯಾನನ್

ಜಾರ್ಜ್ ಲೂಕಸ್ ಅವರು ಹುಟ್ಟುಹಾಕಿದ ಬಾಹ್ಯಾಕಾಶ ಸಾಹಸ ಚಿತ್ರಮಾಲೆಯಾದ ಸ್ಟಾರ್ ವಾರ್ಸ್ ಕುರಿತು ಇಬ್ಬರು ಅಭಿಮಾನಿಗಳು ವಾದಕ್ಕೆ ನಿಂತಾಗ ಸಾಮಾನ್ಯವಾಗಿ ಮೂರು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ತೆರೆಯ ಮೇಲೆ ಏನಿದೆ ಎಂಬುದು ಮೊದಲನೆಯದು. ಅದನ್ನು ಮಾಡಿದವರ ಮನಸ್ಸಿನಲ್ಲಿ ಏನಿತ್ತು ಎಂಬುದು ಎರಡನೆಯದು. ಕಥೆಯ ಹಕ್ಕುಗಳನ್ನು ಹೊಂದಿರುವ ಸಂಸ್ಥೆ ಯಾವುದನ್ನು ಅಧಿಕೃತ, ಅಂದರೆ ಕ್ಯಾನನ್, ಎಂದು ಒಪ್ಪಿಕೊಂಡಿದೆ ಎಂಬುದು ಮೂರನೆಯದು. ಒಬ್ಬರು ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುತ್ತಿರುವಾಗ ಇನ್ನೊಬ್ಬರು ಮೂರನೆಯದಕ್ಕೆ ಆಕ್ಷೇಪ ಎತ್ತುತ್ತಿರುತ್ತಾರೆ, ಇಬ್ಬರಿಗೂ ಎದುರಿನವರು ಹಟಮಾರಿಗಳಂತೆ ಕಾಣುತ್ತಾರೆ. ಈ ಮೂರನ್ನೂ ಬೇರ್ಪಡಿಸಿ, ಪ್ರತಿಯೊಂದಕ್ಕೂ ತಕ್ಕ ಪುರಾವೆಯನ್ನು ಹುಡುಕಿ, ಪ್ರತಿ ಪುರಾವೆಯ ಪಕ್ಕದಲ್ಲೂ ಅದರ ಇಸವಿಯನ್ನು ಬರೆದಿಟ್ಟುಕೊಂಡರೆ, ವರ್ಷಗಳಿಂದ ಎಳೆದಾಡಿಕೊಂಡು ಬಂದ ಎಷ್ಟೋ ವಾದಗಳು ಒಂದೇ ಸಂಜೆಯಲ್ಲಿ ಇತ್ಯರ್ಥವಾಗುತ್ತವೆ. ಆಮೇಲೂ ಉಳಿದುಕೊಳ್ಳುವವು ನಿಜಕ್ಕೂ ವಾದಿಸಲು ಯೋಗ್ಯವಾದವು.

ಮೊದಲ ಕೆಲಸವೆಂದರೆ ವಾದದ ವಿಷಯವನ್ನು ಒಂದೇ ವಾಕ್ಯದಲ್ಲಿ, ಚಿತ್ರದ ಯಾವ ಆವೃತ್ತಿ ಎಂಬುದನ್ನೂ ಸೇರಿಸಿ, ಬರೆದುಕೊಳ್ಳುವುದು. ‘ಹ್ಯಾನ್ ಸೋಲೋ ಮೊದಲು ಗುಂಡು ಹಾರಿಸಿದನೇ?’ ಎಂಬ ಪ್ರಸಿದ್ಧ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಮಾಸ್ ಐಸ್ಲಿ ಪಟ್ಟಣದ ಮದ್ಯದಂಗಡಿಯಲ್ಲಿ, ತಲೆಗೆ ಬೆಲೆ ಕಟ್ಟಲಾಗಿರುವ ಕಳ್ಳಸಾಗಣೆದಾರ ಹ್ಯಾನ್‌ನನ್ನು ಹಿಡಿಯಲು ಬಂದ ಗ್ರೀಡೋ ಬ್ಲಾಸ್ಟರ್ (ಈ ಕಥಾಲೋಕದ ಬಂದೂಕು) ಹಿಡಿದು ಎದುರಿಗೆ ಕುಳಿತಿದ್ದಾನೆ. ಹ್ಯಾನ್ ಮಾತಾಡುತ್ತಲೇ ಮೇಜಿನ ಕೆಳಗೆ ತನ್ನ ಬ್ಲಾಸ್ಟರನ್ನು ಸದ್ದಿಲ್ಲದೆ ಹೊರತೆಗೆಯುತ್ತಾನೆ. 1977ರ ಮೇ 25ರಂದು ಅಮೆರಿಕದಲ್ಲಿ ಬಿಡುಗಡೆಯಾದ ಚಿತ್ರದಲ್ಲಿ ಗುಂಡು ಹಾರಿಸುವವನು ಹ್ಯಾನ್ ಒಬ್ಬನೇ, ಆದ್ದರಿಂದ ಅಲ್ಲಿ ‘ಮೊದಲು’ ಎಂಬ ಮಾತಿಗೇ ಎಡೆಯಿಲ್ಲ. 1997ರ ವಿಶೇಷ ಆವೃತ್ತಿಯಲ್ಲಿ ಗ್ರೀಡೋ ಮೊದಲು ಹಾರಿಸಿ ಗುರಿ ತಪ್ಪುತ್ತಾನೆ, ಹ್ಯಾನ್ ಅದಕ್ಕೆ ಪ್ರತಿಯಾಗಿ ಹಾರಿಸುತ್ತಾನೆ. 2004ರ ಡಿವಿಡಿಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ ಕ್ಷಣದಲ್ಲಿ ಹಾರಿಸುತ್ತಾರೆ. 2011ರ ಬ್ಲೂ-ರೇಯಲ್ಲಿ ದೃಶ್ಯವನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. 2019ರ ನವೆಂಬರಿನಲ್ಲಿ ಡಿಸ್ನಿ ಪ್ಲಸ್ ಆರಂಭವಾದಾಗ ಅಲ್ಲಿ ಕಂಡ ಪ್ರತಿಯಲ್ಲಿ ಗ್ರೀಡೋ ಗುಂಡಿಗೆ ಮುನ್ನ ‘ಮಕ್ಲಂಕಿ’ ಎಂದು ಹೇಳುವ ಹೊಸ ಮಾತೊಂದು ಸೇರಿತ್ತು. ಹೀಗಾಗಿ ‘ಚಿತ್ರದಲ್ಲಿ ಹೀಗಿದೆ’ ಎನ್ನುವವರಿಗೆ ಕೇಳಬೇಕಾದ ಮರುಪ್ರಶ್ನೆ ಒಂದೇ: ಯಾವ ವರ್ಷದ ಚಿತ್ರದಲ್ಲಿ? ಇಷ್ಟನ್ನು ಕೇಳಿದರೆ ಸಾಕು, ಈ ಒಂದು ದೃಶ್ಯದ ಮಟ್ಟಿಗೆ ಮೊದಲ ಪ್ರಶ್ನೆ ಪೂರ್ತಿಯಾಗಿ ಪರಿಹಾರವಾಗುತ್ತದೆ, ಏಕೆಂದರೆ ಆಯಾ ಆವೃತ್ತಿಯಲ್ಲಿ ಏನಿದೆ ಎಂಬುದರ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಪಾಠಾಂತರಗಳನ್ನು ಗುರುತಿಸುವ ಈ ಅಭ್ಯಾಸವನ್ನು ಸಣ್ಣ ಮಾತುಗಳಿಗೂ ಅನ್ವಯಿಸಬೇಕು. 1980ರ ಎರಡನೆಯ ಚಿತ್ರ ‘ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ನಲ್ಲಿ ದುಷ್ಟ ಸಾಮ್ರಾಜ್ಯದ ಚಕ್ರವರ್ತಿಯು ತನ್ನ ಬಲಗೈ ಬಂಟ, ಕಪ್ಪು ಕವಚದ ಡಾರ್ತ್ ವೇಡರ್ ಜೊತೆ ಮಾತಾಡುವ ದೃಶ್ಯವನ್ನು 2004ರಲ್ಲಿ ಇಯನ್ ಮೆಕ್‌ಡರ್ಮಿಡ್ ಅವರ ನಟನೆಯೊಂದಿಗೆ ಬದಲಿಸಿದಾಗ ಸಂಭಾಷಣೆಯೂ ಬದಲಾಯಿತು. ಹೊಸ ಪಾಠದಲ್ಲಿ ಚಕ್ರವರ್ತಿಯು ಕಥಾನಾಯಕ ಲ್ಯೂಕ್‌ನನ್ನು ಅನಕಿನ್ ಸ್ಕೈವಾಕರ್‌ನ (ಇದು ವೇಡರ್‌ನ ಮೂಲ ಹೆಸರು) ಸಂತಾನ ಎಂದು ಹೆಸರಿಸಿಯೇ ಹೇಳುತ್ತಾನೆ ಮತ್ತು ಅದು ಹೇಗೆ ಸಾಧ್ಯ ಎಂದು ವೇಡರ್ ಕೇಳುತ್ತಾನೆ. ವೇಡರ್‌ಗೆ ಮಗನ ವಿಷಯ ಯಾವಾಗ ತಿಳಿಯಿತು ಎಂದು ವಾದಿಸುವವರು 1980ರ ಪಾಠವನ್ನು ನೋಡಿದ್ದಾರೋ 2004ರದನ್ನು ನೋಡಿದ್ದಾರೋ ಎಂಬುದರ ಮೇಲೆ ಅವರ ಉತ್ತರ ನಿಲ್ಲುತ್ತದೆ. 1977ರ ಚಿತ್ರಕ್ಕಂತೂ ಬಿಡುಗಡೆಯ ಕಾಲದಲ್ಲೇ ಒಂದಕ್ಕಿಂತ ಹೆಚ್ಚು ಧ್ವನಿಮುದ್ರಣಗಳಿದ್ದವು. ಮಾನೋ ಧ್ವನಿಯ ಪ್ರತಿಯಲ್ಲಿ ಸಿ-3ಪಿಓ ಎಂಬ ರೋಬಾಟ್ ಆಡುವ ಕೆಲವು ಮಾತುಗಳು ಸ್ಟೀರಿಯೋ ಪ್ರತಿಯಲ್ಲಿಲ್ಲ. ಬಾಲ್ಯದಲ್ಲಿ ಕೇಳಿದ ಸಾಲೊಂದು ಈಗ ಎಲ್ಲೂ ಸಿಗುತ್ತಿಲ್ಲ ಎನ್ನುವ ಹಿರಿಯ ಅಭಿಮಾನಿಯನ್ನು ಸುಳ್ಳುಗಾರರೆಂದು ತಳ್ಳಿಹಾಕುವ ಮುನ್ನ ಇದನ್ನು ನೆನಪಿಟ್ಟುಕೊಳ್ಳುವುದು ಒಳಿತು.

ಇನ್ನು ಆಶಯದ ಪ್ರಶ್ನೆ. ಕಷ್ಟವೂ ಸ್ವಾರಸ್ಯವೂ ಹೆಚ್ಚಿರುವುದು ಇಲ್ಲಿಯೇ. ‘ಲೂಕಸ್ ಅವರ ಆಶಯ’ ಎಂಬುದು ಒಂದು ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟಿರುವ ವಸ್ತುವಲ್ಲ. ಜಾರ್ಜ್ ಲೂಕಸ್ ಅವರು 1970ರ ದಶಕದ ಆರಂಭದಿಂದ 2012ರವರೆಗೆ ಈ ಕಥೆಯೊಂದಿಗೆ ಬದುಕಿದವರು, ಮತ್ತು ಅಷ್ಟು ದೀರ್ಘ ಕಾಲ ಒಂದು ಕಥೆಯನ್ನು ಹೇಳುವ ಯಾರ ಮನಸ್ಸೂ ಬದಲಾಗದೆ ಇರುವುದಿಲ್ಲ. ಆದ್ದರಿಂದ ಆಶಯದ ಬಗ್ಗೆ ಹೇಳುವ ಪ್ರತಿ ವಾಕ್ಯವೂ ‘ಇಂಥ ವರ್ಷದಲ್ಲಿ ಲೂಕಸ್ ಅವರ ಆಶಯ ಇದಾಗಿತ್ತು’ ಎಂಬ ರೂಪದಲ್ಲಿರಬೇಕು. ಪುರಾವೆಗಳನ್ನೂ ಅದೇ ರೀತಿ ವಿಂಗಡಿಸಬೇಕು: ಚಿತ್ರಕ್ಕೂ ಮೊದಲಿನ ಕರಡುಗಳು ಮತ್ತು ಟಿಪ್ಪಣಿಗಳು, ಚಿತ್ರ ತಯಾರಾಗುತ್ತಿದ್ದಾಗಿನ ಸಂದರ್ಶನಗಳು, ಚಿತ್ರ ಗೆದ್ದ ಮೇಲಿನ ಹೇಳಿಕೆಗಳು. ಮೊದಲೆರಡು ಬಗೆಯವಕ್ಕೆ ಹೆಚ್ಚು ತೂಕ. ಕೊನೆಯ ಬಗೆಯವು ಸುಳ್ಳೆಂದು ಇದರ ಅರ್ಥವಲ್ಲ. ಪ್ರತಿಯೊಬ್ಬರ ನೆನಪೂ ಫಲಿತಾಂಶ ತಿಳಿದ ಮೇಲೆ ಹಿಂದಿನದನ್ನು ಅದಕ್ಕೆ ಹೊಂದಿಸಿಕೊಳ್ಳುತ್ತದೆ, ಅಷ್ಟೇ. ಜೆ. ಡಬ್ಲ್ಯೂ. ರಿನ್‌ಸ್ಲರ್ ಅವರು ಮೊದಲ ಚಿತ್ರದ ನಿರ್ಮಾಣದ ಬಗ್ಗೆ 2007ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥ ಇಷ್ಟು ಬೆಲೆಯುಳ್ಳದ್ದಾಗಿರುವುದು ಈ ಕಾರಣಕ್ಕಾಗಿಯೇ. ಅದರ ಆಧಾರ, ಚಿತ್ರ ತಯಾರಾಗುತ್ತಿದ್ದ ಮತ್ತು ಆಗಷ್ಟೇ ಬಿಡುಗಡೆಯಾದ ಕಾಲದಲ್ಲಿ ಚಾರ್ಲ್ಸ್ ಲಿಪಿನ್‌ಕಾಟ್ ಅವರು ದಾಖಲಿಸಿಟ್ಟಿದ್ದ ಸಂದರ್ಶನಗಳು.

‘ವೇಡರ್ ಲ್ಯೂಕ್‌ನ ತಂದೆ ಎಂಬುದು ಮೊದಲಿನಿಂದಲೂ ಯೋಜಿಸಿದ್ದೇ?’ ಎಂಬ ಪ್ರಶ್ನೆಯ ಮೇಲೆ ಈ ವಿಧಾನವನ್ನು ಪ್ರಯೋಗಿಸಿ ನೋಡಬಹುದು. 1974ರ ಮೊದಲ ಕರಡಿನಲ್ಲಿ ಡಾರ್ತ್ ವೇಡರ್ ಎಂಬ ಹೆಸರಿದೆ, ಆದರೆ ಅವನು ಸಾಮ್ರಾಜ್ಯದ ಒಬ್ಬ ಸೇನಾನಿ ಮಾತ್ರ. ದೇಹದ ಬಹುಭಾಗ ಯಂತ್ರವಾಗಿರುವ ತಂದೆಯೊಬ್ಬ ಅದೇ ಕರಡಿನಲ್ಲಿದ್ದಾನೆ, ಆದರೆ ಅವನು ಕೇನ್ ಸ್ಟಾರ್‌ಕಿಲ್ಲರ್ ಎಂಬ ಸಜ್ಜನ ಯೋಧ. 1977ರ ಚಿತ್ರದಲ್ಲಿ ಲ್ಯೂಕ್‌ನ ಗುರು ಓಬಿ-ವಾನ್, ವೇಡರ್ ತನ್ನ ಶಿಷ್ಯನಾಗಿದ್ದನೆಂದೂ ಅವನೇ ಲ್ಯೂಕ್‌ನ ತಂದೆಯನ್ನು ಕೊಂದನೆಂದೂ ಹೇಳುತ್ತಾನೆ. ಲೀ ಬ್ರ್ಯಾಕೆಟ್ ಅವರು 1978ರ ಫೆಬ್ರವರಿಯಲ್ಲಿ, ತಾವು ತೀರಿಕೊಳ್ಳುವ ಕೆಲವೇ ವಾರಗಳ ಮುನ್ನ, ಎರಡನೆಯ ಚಿತ್ರಕ್ಕೆ ಬರೆದುಕೊಟ್ಟ ಕರಡಿನಲ್ಲಿ ಲ್ಯೂಕ್‌ನ ತಂದೆಯ ಆತ್ಮ ಕಾಣಿಸಿಕೊಂಡು ಮಗನೊಂದಿಗೆ ಮಾತಾಡುತ್ತದೆ. ಅಂದರೆ ಅಲ್ಲಿ ತಂದೆ ಬೇರೆ, ವೇಡರ್ ಬೇರೆ. ಅದಾದ ಮೇಲೆ ಲೂಕಸ್ ಅವರೇ ಬರೆದ ಕರಡಿನಲ್ಲಿ ಇಬ್ಬರೂ ಒಂದಾಗುತ್ತಾರೆ. 1983ರ ‘ರಿಟರ್ನ್ ಆಫ್ ದ ಜೆಡೈ’ ಚಿತ್ರದಲ್ಲಿ ಓಬಿ-ವಾನ್ ತಾನು ಹಿಂದೆ ಹೇಳಿದ್ದು ಒಂದು ದೃಷ್ಟಿಯಿಂದ ಸತ್ಯವೇ ಆಗಿತ್ತು ಎಂದು ಸಮರ್ಥಿಸಿಕೊಳ್ಳಬೇಕಾಗಿ ಬರುತ್ತದೆ.

ಇಷ್ಟು ಕಾಗದಗಳನ್ನು ಮುಂದಿಟ್ಟುಕೊಂಡು ಯಾವ ತೀರ್ಮಾನಕ್ಕೆ ಬರಬಹುದು? ಲೂಕಸ್ ಅವರು ಈ ಗುಟ್ಟನ್ನು ಬ್ರ್ಯಾಕೆಟ್ ಅವರಿಂದಲೂ ಮುಚ್ಚಿಟ್ಟಿದ್ದಿರಬಹುದು ಎಂದು ವಾದಿಸುವವರಿದ್ದಾರೆ. ಅದು ಅಸಾಧ್ಯವಲ್ಲ, ಒಬ್ಬರ ಕರಡಿನಲ್ಲಿ ಇಲ್ಲದ್ದು ಇನ್ನೊಬ್ಬರ ಮನಸ್ಸಿನಲ್ಲೂ ಇರಲಿಲ್ಲ ಎಂದು ಹೇಳಲಾಗದು. ಆದರೆ ‘ಮೊದಲಿನಿಂದಲೂ’ ಎಂದು ಹೇಳುವವರ ಮೇಲೆ ಆ ಮೊದಲಿನ ಕಾಲದ ಒಂದು ಕಾಗದವನ್ನು ತೋರಿಸುವ ಹೊಣೆಯಿದೆ. ನನ್ನ ಅಭಿಪ್ರಾಯದಲ್ಲಿ ದಾಖಲೆಗಳಿಗೆ ಹೆಚ್ಚು ನಿಷ್ಠವಾದ ಉತ್ತರ ಹೀಗಿದೆ: ಯಂತ್ರದೇಹದ ತಂದೆ, ದ್ರೋಹಿಯಾದ ಶಿಷ್ಯ, ಕಪ್ಪು ಕವಚದ ಶತ್ರು ಎಂಬ ಬಿಡಿ ಕಲ್ಪನೆಗಳು ಮೊದಲಿನಿಂದಲೂ ಇದ್ದವು, ಅವುಗಳನ್ನು ಒಬ್ಬನೇ ವ್ಯಕ್ತಿಯಲ್ಲಿ ಕೂಡಿಸುವ ಯೋಚನೆ ಕಾಗದದ ಮೇಲೆ ಕಾಣಿಸಿಕೊಳ್ಳುವುದು 1978ರಲ್ಲಿ. ಇದರಿಂದ ಲೂಕಸ್ ಅವರ ಹಿರಿಮೆಗೆ ಯಾವ ಕುಂದೂ ಬರುವುದಿಲ್ಲ. ಬರೆಯುತ್ತ ಬರೆಯುತ್ತ ಕಥೆಯನ್ನು ಕಂಡುಕೊಂಡ ಲೇಖಕನು ಎಲ್ಲವನ್ನೂ ಮುಂಚಿತವಾಗಿ ಯೋಜಿಸಿದವನಿಗಿಂತ ಯಾವ ರೀತಿಯಲ್ಲೂ ಕಡಿಮೆಯವನಲ್ಲ, ಮತ್ತು ಈ ವಾದ ಇಷ್ಟು ಬಿಸಿಯಾಗುವುದು ಅಭಿಮಾನಿಗಳು ‘ಯೋಜನೆ’ಯನ್ನೇ ಪ್ರತಿಭೆಯೆಂದು ತಿಳಿಯುವುದರಿಂದ.

ಇಂಥದೇ ಇನ್ನೊಂದು ಉದಾಹರಣೆಯನ್ನು ಚುಟುಕಾಗಿ ಹೇಳಬಹುದು. ಮೊದಲ ಚಿತ್ರದ ಕಾದಂಬರಿ ರೂಪ ಚಿತ್ರಕ್ಕೂ ಮುನ್ನವೇ, 1976ರ ಕೊನೆಯಲ್ಲಿ, ಲೂಕಸ್ ಅವರ ಹೆಸರಿನಲ್ಲಿ ಪ್ರಕಟವಾಯಿತು. ಬರೆದುಕೊಟ್ಟವರು ಆಲನ್ ಡೀನ್ ಫಾಸ್ಟರ್. ಅದರ ಪೀಠಿಕೆಯಲ್ಲಿ ಚಕ್ರವರ್ತಿಗೆ ಪಾಲ್ಪಟೀನ್ ಎಂಬ ಹೆಸರು ಬರುತ್ತದೆ, ಆದರೆ ಅಲ್ಲಿನ ಚಕ್ರವರ್ತಿ ತನ್ನ ಆಪ್ತ ಅಧಿಕಾರಿಗಳ ಹಿಡಿತಕ್ಕೆ ಸಿಲುಕಿದ ಕೈಗೊಂಬೆ ದೊರೆ. 1983ರಲ್ಲಿ ನಾವು ಕಾಣುವ ಮಾಂತ್ರಿಕ ಶಕ್ತಿಯ ಸರ್ವಾಧಿಕಾರಿಗೂ ಅವನಿಗೂ ಹೆಸರೊಂದು ಬಿಟ್ಟರೆ ಹೋಲಿಕೆ ಕಡಿಮೆ. ಮೊದಲ ಚಿತ್ರಕ್ಕೆ ಈಗಿರುವ ‘ಎಪಿಸೋಡ್ 4’ ಎಂಬ ಶೀರ್ಷಿಕೆಯೂ 1977ರ ಪ್ರತಿಯಲ್ಲಿರಲಿಲ್ಲ. ಅದು ಸೇರಿದ್ದು 1981ರ ಏಪ್ರಿಲ್‌ನ ಮರುಬಿಡುಗಡೆಯಲ್ಲಿ.

ಒಬ್ಬರೇ ಒಂದೇ ವಿಷಯಕ್ಕೆ ಎರಡು ವಿವರಣೆ ಕೊಟ್ಟಿರುವಾಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಗ್ರೀಡೋ ದೃಶ್ಯದ ಬಗ್ಗೆ 2012ರಲ್ಲಿ ದ ಹಾಲಿವುಡ್ ರಿಪೋರ್ಟರ್ ಪತ್ರಿಕೆಯೊಂದಿಗೆ ಮಾತಾಡುತ್ತ ಲೂಕಸ್ ಅವರು, ಎಲ್ಲವನ್ನೂ ಸಮೀಪದ ಚಿತ್ರಿಕೆಗಳಲ್ಲಿ ತೆಗೆದದ್ದರಿಂದ ಯಾರು ಏನು ಮಾಡಿದರೆಂಬುದು ಗೊಂದಲವಾಗಿತ್ತು, ತಾವು ಆ ಗೊಂದಲವನ್ನು ನಿವಾರಿಸಿದ್ದಷ್ಟೇ ಎಂದರು. 2015ರಲ್ಲಿ ದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗೆ, ಮುಂದೆ ರಾಜಕುಮಾರಿ ಲೇಯಾಳನ್ನು ವರಿಸಲಿರುವ ನಾಯಕನು ನಿರ್ದಯ ಕೊಲೆಗಾರನಾಗಿರಬೇಕೇ ಎಂದು ತಾವು ಆಮೇಲೆ ಯೋಚಿಸಿದುದಾಗಿ ಹೇಳಿದರು. ಮೊದಲ ವಿವರಣೆಯ ಪ್ರಕಾರ ಆಶಯ ಬದಲಾಗಲಿಲ್ಲ, ಎರಡನೆಯದರ ಪ್ರಕಾರ ಬದಲಾಯಿತು. ಇವೆರಡರ ನಡುವೆ ತೂಗಿ ನೋಡಲು ಕಾಗದವೊಂದು ಇದೆ: ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 2015ರಲ್ಲಿ ಬೆಳಕಿಗೆ ಬಂದ, 1976ರ ಮಾರ್ಚ್ ತಿಂಗಳ ಚಿತ್ರಕಥೆಯ ಪ್ರತಿ. ಅದರಲ್ಲಿಯೂ ಹಾರಿಸುವವನು ಹ್ಯಾನ್ ಒಬ್ಬನೇ. ಚಿತ್ರಕಥೆಯೂ 1977ರ ಚಿತ್ರವೂ ಒಂದೇ ಮಾತನ್ನು ಹೇಳುತ್ತಿರುವಾಗ, 2015ರ ವಿವರಣೆಯೇ ಹೆಚ್ಚು ನಂಬಲರ್ಹ ಎಂದು ನಾನು ತಿಳಿಯುತ್ತೇನೆ. ಇದರಲ್ಲಿ ಲೂಕಸ್ ಅವರನ್ನು ಸುಳ್ಳುಗಾರರೆನ್ನುವ ಅಗತ್ಯ ಯಾರಿಗೂ ಇಲ್ಲ. ತಮ್ಮ ಪಾತ್ರವನ್ನು ಇನ್ನೊಮ್ಮೆ ಯೋಚಿಸಿ ನೋಡುವುದು ಕರ್ತೃವಿನ ಹಕ್ಕೇ ಆಗಿದೆ. ಬಿಡುಗಡೆಯ ದಿನಾಂಕವನ್ನೇ ಆಶಯದ ದಿನಾಂಕ ಎಂದು ತಿಳಿಯುವುದೂ ತಪ್ಪು: ಆ ‘ಮಕ್ಲಂಕಿ’ ಬದಲಾವಣೆ ನೋಡುಗರಿಗೆ ಕಂಡದ್ದು 2019ರಲ್ಲಾದರೂ, ತಮ್ಮ ಲೂಕಸ್‌ಫಿಲ್ಮ್ ಸಂಸ್ಥೆಯನ್ನು ಡಿಸ್ನಿಗೆ ಮಾರುವ ಮೊದಲೇ ಲೂಕಸ್ ಅವರು ಅದನ್ನು ಮಾಡಿಸಿದ್ದರು ಎಂದು ಆಗ ವರದಿಯಾಯಿತು.

ಹೇಳಿಕೆಯನ್ನು ಅದರ ಸಂದರ್ಭದಿಂದ ಕಿತ್ತು ತರಬಾರದು ಎಂಬುದಕ್ಕೆ 1988ರ ಸಾಕ್ಷ್ಯಕ್ಕಿಂತ ಉತ್ತಮ ಉದಾಹರಣೆ ಸಿಗದು. ಆ ವರ್ಷ ಮಾರ್ಚಿನಲ್ಲಿ ಲೂಕಸ್ ಅವರು ಅಮೆರಿಕದ ಕಾಂಗ್ರೆಸ್ ಎದುರು ಹಾಜರಾಗಿ, ಲಾಭಕ್ಕಾಗಿ ಅಥವಾ ಅಧಿಕಾರ ಪ್ರದರ್ಶನಕ್ಕಾಗಿ ಕಲಾಕೃತಿಗಳನ್ನು ಮಾರ್ಪಡಿಸುವವರನ್ನು ಅನಾಗರಿಕರೆಂದು ಕರೆದರು. 1997ರ ಬದಲಾವಣೆಗಳನ್ನು ಒಪ್ಪದವರು ಈ ಮಾತನ್ನು ಅವರ ವಿರುದ್ಧವೇ ತಿರುಗಿಸುತ್ತಾರೆ. ಆದರೆ ಆಗ ಚರ್ಚೆಯಲ್ಲಿದ್ದುದು, ಹಕ್ಕುಗಳನ್ನು ಕೊಂಡವರು ನಿರ್ದೇಶಕರ ಒಪ್ಪಿಗೆಯಿಲ್ಲದೆ ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ಹಚ್ಚುತ್ತಿದ್ದ ವಿಷಯ. ಕರ್ತೃವೇ ತನ್ನ ಕೃತಿಯನ್ನು ತಿದ್ದುವುದು ಅದಲ್ಲ. ಹಾಗೆಂದು ಆ ಸಾಕ್ಷ್ಯ ಈ ವಾದಕ್ಕೆ ಸಂಬಂಧವೇ ಇಲ್ಲದ್ದೆಂದೂ ಹೇಳುವಂತಿಲ್ಲ, ಏಕೆಂದರೆ ಕಲಾಕೃತಿಗಳು ಕೊನೆಗೆ ಸಾರ್ವಜನಿಕರ ಸಾಂಸ್ಕೃತಿಕ ಆಸ್ತಿ ಎಂಬ ಮಾತೂ ಅದರಲ್ಲಿದೆ. ಎರಡೂ ಭಾಗಗಳನ್ನು ಎದುರಿನವರ ಮುಂದಿಡುವವರ ವಾದಕ್ಕೆ ಬಲ ಹೆಚ್ಚು.

ಕರ್ತೃ ಎಂದಾಗ ಒಬ್ಬರನ್ನೇ ಭಾವಿಸಿಕೊಳ್ಳುವುದರಲ್ಲೂ ತೊಡಕಿದೆ. 1980ರ ಚಿತ್ರವನ್ನು ನಿರ್ದೇಶಿಸಿದವರು ಅರ್ವಿನ್ ಕರ್ಶ್ನರ್, ಚಿತ್ರಕಥೆಯನ್ನು ಮುಗಿಸಿಕೊಟ್ಟವರು ಲಾರೆನ್ಸ್ ಕ್ಯಾಸ್ಡನ್. ತಾನೇ ಲ್ಯೂಕ್‌ನ ತಂದೆ ಎಂದು ವೇಡರ್ ಹೇಳುವ ಆ ಮಹಾ ರಹಸ್ಯದ ದೃಶ್ಯವನ್ನು ಚಿತ್ರೀಕರಿಸುವಾಗ ಅವನ ಕವಚದೊಳಗಿದ್ದ ಡೇವಿಡ್ ಪ್ರೌಸ್ ಅವರಿಗೆ ಬೇರೆ ಸಂಭಾಷಣೆಯನ್ನೇ ಕೊಡಲಾಗಿತ್ತು, ನಿಜವಾದ ಸಾಲು ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ಅವರ ಧ್ವನಿಯಲ್ಲಿ ಸೇರಿತು. ಹೀಗಿರುವಾಗ ಆ ದೃಶ್ಯದ ‘ಆಶಯ’ವನ್ನು ಪ್ರೌಸ್ ಅವರಿಂದ ಕೇಳಿ ತಿಳಿಯಲಾಗದು. ಮೊದಲೆರಡು ಚಿತ್ರಗಳ ನಿರ್ಮಾಪಕ ಗ್ಯಾರಿ ಕರ್ಟ್ಜ್ ಅವರು ಮೂರನೆಯ ಚಿತ್ರದ ಕಥೆ ಮೊದಲು ಇನ್ನೂ ವಿಷಾದಕರವಾಗಿತ್ತು, ಹ್ಯಾನ್ ಸಾಯಬೇಕಿತ್ತು ಎಂದು ವರ್ಷಗಳ ನಂತರ ಹೇಳಿದ್ದಾರೆ. ಅವರು ಮೂರನೆಯ ಚಿತ್ರದಲ್ಲಿ ಭಾಗಿಯಾಗಿರಲಿಲ್ಲ ಎಂಬುದನ್ನೂ, ಹ್ಯಾನ್ ಸಾಯಲಿ ಎಂದು ಹ್ಯಾರಿಸನ್ ಫೋರ್ಡ್ ಅವರೂ ಬಯಸಿದ್ದರೆಂಬುದನ್ನೂ ಜೊತೆಗಿಟ್ಟು ಆ ಮಾತನ್ನು ತೂಗಬೇಕು. ಸಾಕ್ಷಿ ಹೇಳುವವರು ಆ ಸಮಯದಲ್ಲಿ ಆ ಕೋಣೆಯಲ್ಲಿದ್ದರೇ ಎಂದು ನ್ಯಾಯಾಲಯದಲ್ಲಿ ಕೇಳುವ ಪ್ರಶ್ನೆ ಇಲ್ಲಿಯೂ ಕೇಳತಕ್ಕದ್ದು.

ಮೂರನೆಯ ಪ್ರಶ್ನೆಯಾದ ಕ್ಯಾನನ್‌ನ ವಿಷಯದಲ್ಲಿ ಗೊಂದಲ ಬಹಳ, ಆದರೆ ಉತ್ತರ ಸುಲಭ. ಯಾವುದು ಕ್ಯಾನನ್ ಎಂಬುದು ಒಂದು ಸಂಸ್ಥೆಯ ತೀರ್ಮಾನ, ಅದನ್ನು ಘೋಷಣೆಯಿಂದ ತಿಳಿಯಬೇಕೇ ಹೊರತು ತರ್ಕದಿಂದಲ್ಲ. 2014ಕ್ಕೆ ಮೊದಲು ಲೂಕಸ್‌ಫಿಲ್ಮ್ ಸಂಸ್ಥೆಯೊಳಗೆ ‘ಹಾಲೊಕ್ರಾನ್’ ಎಂಬ ದತ್ತಾಂಶ ಸಂಗ್ರಹವಿತ್ತು. ಲೀಲ್ಯಾಂಡ್ ಚೀ ಅವರು ನೋಡಿಕೊಳ್ಳುತ್ತಿದ್ದ ಅದರಲ್ಲಿ ಕಥೆಗಳಿಗೆ ಶ್ರೇಣಿಗಳಿದ್ದವು: ಎಲ್ಲಕ್ಕಿಂತ ಮೇಲೆ ಲೂಕಸ್ ಅವರ ಚಿತ್ರಗಳು, ಆಮೇಲೆ ದೂರದರ್ಶನ ಸರಣಿ, ಅದರ ಕೆಳಗೆ ಕಾದಂಬರಿ ಮತ್ತು ಕಾಮಿಕ್ಸ್. ಮೇಲಿನದು ಕೆಳಗಿನದನ್ನು ಯಾವಾಗ ಬೇಕಾದರೂ ರದ್ದುಮಾಡಬಹುದಿತ್ತು. ಲೂಕಸ್ ಅವರಂತೂ ತಾವು ಆ ಕಾದಂಬರಿಗಳನ್ನು ಓದುವುದಿಲ್ಲವೆಂದೂ, ಚಿತ್ರಗಳ ಲೋಕ ಬೇರೆ, ಪುಸ್ತಕಗಳ ಲೋಕ ಬೇರೆ ಎಂದೂ ಹೇಳಿದ್ದುಂಟು. ಆದರೂ ಆ ಪುಸ್ತಕಗಳಿಂದ ಅವರ ಚಿತ್ರಗಳಿಗೆ ಹರಿದು ಬಂದದ್ದು ಇಲ್ಲದಿಲ್ಲ. ರಾಜಧಾನಿ ಗ್ರಹಕ್ಕೆ ಕೊರುಸಂಟ್ ಎಂಬ ಹೆಸರು ಟಿಮಥಿ ಜಾನ್ ಅವರ 1991ರ ಕಾದಂಬರಿಯಿಂದ ಬಂದದ್ದು, ಆಯ್ಲಾ ಸೆಕ್ಯುರಾ ಎಂಬ, ಜೆಡೈ ಪಂಥದ ಯೋಧೆ ಕಾಮಿಕ್ಸ್‌ನಿಂದ 2002ರ ಚಿತ್ರಕ್ಕೆ ಬಂದವಳು.

2012ರ ಅಕ್ಟೋಬರ್ 30ರಂದು ಲೂಕಸ್‌ಫಿಲ್ಮ್ ಅನ್ನು ಸುಮಾರು 4.05 ಶತಕೋಟಿ ಡಾಲರ್‌ಗೆ ಡಿಸ್ನಿ ಕೊಳ್ಳಲಿದೆ ಎಂಬ ಘೋಷಣೆಯಾಯಿತು. 2014ರ ಏಪ್ರಿಲ್ 25ರಂದು ಹೊಸ ಗಡಿ ಬಿತ್ತು: ಅಂದಿನವರೆಗಿನ ಆರು ಚಿತ್ರಗಳು ಮತ್ತು ‘ದ ಕ್ಲೋನ್ ವಾರ್ಸ್’ ಕ್ಯಾನನ್ ಆಗಿ ಉಳಿದವು, ಹಳೆಯ ಕಾದಂಬರಿ, ಕಾಮಿಕ್ಸ್, ಆಟಗಳ ಕಥೆಗಳೆಲ್ಲ ‘ಲೆಜೆಂಡ್ಸ್’ ಎಂಬ ಹೆಸರಿನಡಿ ಬೇರೆಯಾದವು, ಹೊಸದಾಗಿ ಬರುವ ಕಥೆಗಳನ್ನು ಸ್ಟೋರಿ ಗ್ರೂಪ್ ಎಂಬ ತಂಡ ಒಂದಕ್ಕೊಂದು ಹೊಂದಿಸತೊಡಗಿತು. ಆದ್ದರಿಂದ ‘ಈ ಪುಸ್ತಕ ಕ್ಯಾನನ್ ಹೌದೇ?’ ಎಂದರೆ ಪುಸ್ತಕ ಪ್ರಕಟವಾದ ದಿನಾಂಕವನ್ನು ನೋಡಿದರೆ ಬಹುಮಟ್ಟಿಗೆ ಉತ್ತರ ಸಿಗುತ್ತದೆ. ಗಮನಿಸಬೇಕಾದದ್ದು, ಪಾತ್ರವೊಂದು ಹಿಂದಿರುಗಿದರೆ ಅದರ ಹಳೆಯ ಕಥೆಯೆಲ್ಲ ಹಿಂದಿರುಗಿದಂತಲ್ಲ ಎಂಬುದು. ಜಾನ್ ಅವರು ಸೃಷ್ಟಿಸಿದ ಸೇನಾಪತಿ ಥ್ರಾನ್ 2016ರಲ್ಲಿ ‘ರೆಬೆಲ್ಸ್’ ಸರಣಿಯ ಮೂಲಕ ಮರಳಿ ಬಂದ, 2023ರಲ್ಲಿ ‘ಅಹ್ಸೋಕಾ’ ಸರಣಿಯಲ್ಲೂ ಕಾಣಿಸಿಕೊಂಡ, ಆದರೆ 1991ರ ಕಾದಂಬರಿಯ ಘಟನೆಗಳು ಇಂದಿಗೂ ಲೆಜೆಂಡ್ಸ್‌ನಲ್ಲಿಯೇ ಇವೆ.

ಆಶಯವೂ ಕ್ಯಾನನ್ನೂ ಪೂರ್ತಿಯಾಗಿ ಬೇರೆಯಾಗುವ ಸ್ಥಳ ಮೂಲ ಕಥಾಸರಣಿಯ ಕೊನೆಯ ಮೂರು ಚಿತ್ರಗಳದು. ಲೂಕಸ್ ಅವರು ಸಂಸ್ಥೆಯನ್ನು ಮಾರುವಾಗ ಅದರೊಂದಿಗೆ ಮುಂದಿನ ಕಥೆಯ ರೂಪರೇಖೆಗಳನ್ನೂ ಒಪ್ಪಿಸಿದ್ದರು, ಹೊಸ ಒಡೆಯರು ಅವುಗಳನ್ನು ಅನುಸರಿಸಲಿಲ್ಲ. ಅವರ ಮನಸ್ಸಿನಲ್ಲಿದ್ದ ಸೂಕ್ಷ್ಮಜೀವಿಗಳ ಲೋಕ ಮತ್ತು ವಿಲ್‌ಗಳು ಎಂಬ ಜೀವಿಗಳ ಕಲ್ಪನೆ 2018ರಲ್ಲಿ ಪ್ರಕಟವಾದ ಸಂದರ್ಶನವೊಂದರಿಂದ ತಿಳಿದುಬಂತು. ಡಾರ್ತ್ ಮಾಲ್ ಮುಖ್ಯ ಖಳನಾಗುತ್ತಿದ್ದ, ಲೇಯಾಳೇ ಕೊನೆಗೆ ಭವಿಷ್ಯವಾಣಿಯಲ್ಲಿ ಹೇಳಿದ ‘ಆಯ್ಕೆಯಾದ’ ವ್ಯಕ್ತಿಯಾಗುತ್ತಿದ್ದಳು ಎಂಬುದು 2020ರ ಇನ್ನೊಂದು ಪುಸ್ತಕದಿಂದ ತಿಳಿಯಿತು. ಇವು ಕರ್ತೃವಿನ ಆಶಯವೇ ಹೌದು, ಕ್ಯಾನನ್ ಅಲ್ಲ. 2015ರಿಂದ ಬಂದ ಚಿತ್ರಗಳು ಕ್ಯಾನನ್ ಹೌದು, ಲೂಕಸ್ ಅವರ ಆಶಯವಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಳ್ಳುವುದರಲ್ಲಿ ವಿರೋಧಾಭಾಸವೇನಿಲ್ಲ. ಹಾಗೆ ಒಪ್ಪಿಕೊಂಡವರು ಆ ಚಿತ್ರಗಳು ಚೆನ್ನಾಗಿವೆಯೇ ಎಂಬ ನಿಜವಾದ ಚರ್ಚೆಗೆ ಬೇಗ ತಲುಪುತ್ತಾರೆ. ಕ್ಯಾನನ್ ಆಗಿರುವುದು ಗುಣದ ಪ್ರಮಾಣಪತ್ರವಲ್ಲ. ಅದು ಮುಂದಿನ ಕಥೆ ಬರೆಯುವವರು ಯಾವ ಘಟನೆಗಳಿಗೆ ಬದ್ಧರಾಗಿರಬೇಕು ಎಂಬುದನ್ನು ಗೊತ್ತುಪಡಿಸುವ ಆಡಳಿತದ ವ್ಯವಸ್ಥೆ. ಲೆಜೆಂಡ್ಸ್ ಕಥೆಗಳನ್ನು ಓದಿ ಬೆಳೆದವರಿಗೆ ಅವುಗಳ ಮೇಲಿರುವ ಪ್ರೀತಿಯನ್ನು ಆ ವ್ಯವಸ್ಥೆ ಕಿತ್ತುಕೊಳ್ಳಲಾರದು, ಅಂಥವರೊಂದಿಗೆ ಮಾತಾಡುವಾಗ ‘ಅದು ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ಬಳಸಲೇಬಾರದು ಎಂದು ನನ್ನ ದೃಢವಾದ ಅಭಿಪ್ರಾಯ.

ಇಷ್ಟಾದ ಮೇಲೆ ವಾದವನ್ನು ನಡೆಸುವ ಕ್ರಮ ತಾನಾಗಿಯೇ ಸ್ಪಷ್ಟವಾಗುತ್ತದೆ. ಎದುರಿನವರು ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆ ಎಂದು ಮೊದಲು ಅವರನ್ನೇ ಕೇಳಿ. ಅವರು ನೋಡಿದ ಪ್ರತಿ ಯಾವುದೆಂದು ತಿಳಿದುಕೊಳ್ಳಿ. ನಮ್ಮಲ್ಲಿ ಹಲವರು ಈ ಚಿತ್ರಗಳನ್ನು ಮೊದಲು ಕಂಡದ್ದೇ ಡಿವಿಡಿಯಲ್ಲಿ ಅಥವಾ ಸ್ಟ್ರೀಮಿಂಗ್‌ನಲ್ಲಿ, ಹಾಗಾಗಿ ಅವರಿಗೆ ಗ್ರೀಡೋ ಗುಂಡು ಹಾರಿಸುವುದೇ ಸಹಜ. ಯಾವುದೇ ಹೇಳಿಕೆಯನ್ನು ಉಲ್ಲೇಖಿಸುವಾಗ ಹೇಳಿದವರು, ವರ್ಷ, ಪ್ರಕಟವಾದ ಸ್ಥಳ ಮೂರನ್ನೂ ಕೊಡಿ. ಮೂರೂ ಸಿಗದಿದ್ದರೆ ಅದನ್ನು ಪುರಾವೆಯ ಸ್ಥಾನದಿಂದ ಕೆಳಗಿಳಿಸಿ. ನಿಮ್ಮ ಪಕ್ಷಕ್ಕೆ ಪ್ರತಿಕೂಲವಾದ ದಾಖಲೆ ಗೊತ್ತಿದ್ದರೆ ಅದನ್ನು ನೀವೇ ಮೊದಲು ಹೇಳಿ. ದಾಖಲೆಗಳು ಮುಗಿದ ಕಡೆ ‘ಇದರ ಮುಂದೆ ನನ್ನ ಓದು’ ಎಂದು ಗೆರೆ ಎಳೆದುಕೊಂಡು ಮಾತು ಮುಂದುವರಿಸಿ. ವ್ಯಾಖ್ಯಾನಕ್ಕೆ ಪುರಾವೆಯಷ್ಟೇ ಬೆಲೆಯಿದೆ, ಆದರೆ ಅದು ಪುರಾವೆಯ ವೇಷ ಹಾಕಬಾರದು.

ಸಾಧ್ಯವಾದರೆ 1977ರ ಪಾಠವನ್ನು ನೀವೇ ಕಣ್ಣಾರೆ ನೋಡಿ. 2006ರಲ್ಲಿ ಅದು ಡಿವಿಡಿಯ ಜೊತೆ ಹೆಚ್ಚುವರಿ ತಟ್ಟೆಯಾಗಿ ಬಂದಿತ್ತು, ಆದರೆ ಹಿಂದಿನ ಲೇಸರ್‌ಡಿಸ್ಕ್‌ಗಾಗಿ ತಯಾರಿಸಿದ್ದ ಮೂಲದಿಂದ ತೆಗೆದದ್ದಾದ್ದರಿಂದ ಚಿತ್ರದ ಗುಣಮಟ್ಟ ಸಾಧಾರಣವಾಗಿತ್ತು. 2025ರ ಜೂನ್‌ನಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತನ್ನ ಬಳಿ ಕಾಪಿಟ್ಟಿದ್ದ 1977ರ ಟೆಕ್ನಿಕಲರ್ ಪ್ರತಿಯನ್ನು ಲಂಡನ್ನಿನಲ್ಲಿ ಪ್ರದರ್ಶಿಸಿತು. ಕರ್ತೃವಿನ ಪರಿಷ್ಕೃತ ಆಶಯವನ್ನು ಗೌರವಿಸುವವರೂ ಮೂಲ ಪಾಠ ಎಲ್ಲರಿಗೂ ಸಿಗಬೇಕೆಂದು ಕೇಳಲು ಇದೇ ಕಾರಣ ಸಾಕು: ಎರಡು ಪಾಠಗಳೂ ಕಣ್ಣೆದುರಿಗೆ ಇಲ್ಲದಿದ್ದರೆ, ಕರ್ತೃ ಏನನ್ನು ಬದಲಾಯಿಸಿದರು, ಏಕೆ ಬದಲಾಯಿಸಿದರು ಎಂದು ಚರ್ಚಿಸುವವರಿಗೆ ಕೈಯಲ್ಲಿ ಉಳಿಯುವುದು ಇನ್ನೊಬ್ಬರ ಮಾತು ಮಾತ್ರ.